ಆರಂಭವಾಗದ ಕಂಟೇನರು: ಕಾರಣಶೋಧನೆಯ ಒಂದು ಐತಿಹಾಸಿಕ ವಿವೇಚನೆ

2000ದಿಂದ 2002ರ ಅವಧಿಯಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಆಚರಣೆಗೆ ಬಂದು, ಅದುವರೆಗೆ ಕೈಬರಹದಲ್ಲಿದ್ದ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತರೂ ತಾಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪಹಣಿಯನ್ನು, ಈ ಭಾಗದ ಮಾತಿನಲ್ಲಿ ಉತಾರವನ್ನು, ಪಡೆಯತೊಡಗಿದರು. ಆಗ ಪ್ರತಿ ತಾಲೂಕಿಗೂ ತನ್ನದೇ ಆದ ಸರ್ವರು ಇದ್ದಿತು. ಬೆಳೆಸಾಲಕ್ಕಾಗಿ ಬಂದವನಿಗೆ ‘ಸರ್ವರು ಇಲ್ಲ’ ಎಂಬ ಉತ್ತರವೆಂದರೆ ಒಂದು ದಿನದ ಕೂಲಿ ಹೋದಂತೆಯೇ ಸರಿ. ಆದರೆ ಆ ಉತ್ತರವು ಪರಿಣಾಮವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಭೂಮಿಯ ಆ ಮೊದಲ ಸರ್ವರುಗಳ ಕಾಲಕ್ಕೆ ‘ಕಂಟೇನರು’ ಬಳಕೆಗೆ ಬಂದಿರಲಿಲ್ಲ. ಇಂದು ಜಗತ್ತಿನ ಅಸಂಖ್ಯ ಸೇವೆಗಳು ಅದರೊಳಗೆ ನಡೆಯುತ್ತವೆ. ಅಂತಹ ಕಂಟೇನರು ಆರಂಭವಾಗದಿದ್ದಾಗ ಕಾರಣವನ್ನು ಹೇಗೆ ಅರಿಯಬೇಕೆಂಬುದನ್ನು ಅದರ ಇತಿಹಾಸದ ಬೆಳಕಿನಲ್ಲಿ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪದ್ಧತಿಯ ಮೂಲವನ್ನು ಅರಸುತ್ತ ಹೋದರೆ ಬೆಲ್ ಪ್ರಯೋಗಾಲಯದ ಯುನಿಕ್ಸ್ ಏಳನೆಯ ಆವೃತ್ತಿಗೆ (1979) ಬಂದು ನಿಲ್ಲುತ್ತೇವೆ. ಕಡತವೃಕ್ಷದ ಒಂದು ಕೊಂಬೆಯನ್ನೇ ಬೇರೆಂದು ತೋರಿಸುವ ‘ಸಿಎಚ್‌ರೂಟ್’ ಎಂಬ ಸೌಕರ್ಯವು ಅದರಲ್ಲಿ ಕಾಣಬರುತ್ತದೆ. 2000ದಲ್ಲಿ ಫ್ರೀಬಿಎಸ್‌ಡಿಯ ‘ಜೈಲು’ ಈ ಆವರಣವನ್ನು ಬಲಪಡಿಸಿತು. ಲಿನಕ್ಸಿನಲ್ಲಿ 2002ರಿಂದ ‘ನೇಮ್‌ಸ್ಪೇಸ್’ಗಳು ಒಂದೊಂದಾಗಿ ಸೇರಿದವು. ಗೂಗಲ್ ಸಂಸ್ಥೆಯ ಅಭಿಯಂತರರು 2006ರಲ್ಲಿ ಆರಂಭಿಸಿದ ‘ಸಿ-ಗ್ರೂಪ್’ 2008ರಲ್ಲಿ ಲಿನಕ್ಸ್ ಕರ್ನೆಲನ್ನು ಸೇರಿ, ಮೆಮೊರಿಯ ಬಳಕೆಗೆ ಮಿತಿ ವಿಧಿಸಲು ದಾರಿ ಮಾಡಿತು. 2013ರ ಮಾರ್ಚಿನಲ್ಲಿ ಬಹಿರಂಗಗೊಂಡ ಡಾಕರ್ ಇವೆಲ್ಲವನ್ನೂ ಒಗ್ಗೂಡಿಸಿತು.

ಈ ವಂಶಾವಳಿಯಿಂದ ಒಂದು ಮುಖ್ಯ ಸಂಗತಿ ವಿದಿತವಾಗುತ್ತದೆ. ಕಂಟೇನರು ಚಿಕ್ಕದೊಂದು ಯಂತ್ರವಲ್ಲ. ಆವರಣದೊಳಗೆ ನಡೆಯುವ ಒಂದು ಕಾರ್ಯಕ್ರಮ ಮಾತ್ರ. ಅದರ ಮುಖ್ಯ ಕಾರ್ಯಕ್ರಮ ಮುಗಿದೊಡನೆ ಕಂಟೇನರೂ ಮುಗಿಯುತ್ತದೆ. ಆದುದರಿಂದ ‘ಆರಂಭವಾಗಲಿಲ್ಲ’ ಎಂದು ನಾವು ಹೇಳುವಲ್ಲಿ ಹಲವು ಸಲ ‘ಆರಂಭವಾಗಿ ಕೂಡಲೇ ಮುಗಿಯಿತು’ ಎಂದೇ ತಿಳಿಯಬೇಕಾಗುತ್ತದೆ. ಈ ಭೇದವನ್ನು ಮೊದಲು ನಿರ್ಣಯಿಸದೆ ಮುಂದಿನ ಶೋಧನೆ ಸಾಗದು. ನಿಂತುಹೋದವುಗಳನ್ನೂ ಸೇರಿಸಿ ತೋರಿಸುವ ‘ಪಿಎಸ್’ ಆಜ್ಞೆಯ ಪಟ್ಟಿ ಇದಕ್ಕೆ ಸಾಕು.

ಮುಗಿದ ಕಾರ್ಯಕ್ರಮವು ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ದೋಷವಿಲ್ಲದೆ ಮುಗಿಯಿತೆಂದು ಅರ್ಥ. ಸೇವೆಯು ಹಿನ್ನೆಲೆಗೆ ಸರಿದು ಮುಖ್ಯ ಕಾರ್ಯಕ್ರಮವೇ ಇಲ್ಲವಾದಾಗಲೂ ಹೀಗಾಗುವುದುಂಟು. 127 ಎಂದರೆ ಆಜ್ಞೆಯೇ ದೊರೆಯಲಿಲ್ಲ. 126 ಎಂದರೆ ದೊರೆತರೂ ನಡೆಸಲಾಗಲಿಲ್ಲ. ಕರ್ನೆಲಿನ ಸಂಕೇತದಿಂದ ಸತ್ತಿದ್ದರೆ, ಆ ಸಂಕೇತದ ಸಂಖ್ಯೆಯನ್ನು 128ಕ್ಕೆ ಕೂಡಿಸುವುದು ಯುನಿಕ್ಸ್ ಶೆಲ್ಲಿನ ಹಳೆಯ ರೂಢಿ. ಅದರಂತೆ 137 ಎಂಬುದು 128 ಮತ್ತು 9; ಬಲವಂತದ ಮರಣ. ಮೆಮೊರಿಯ ಮಿತಿ ಮೀರಿದುದೇ ಇದಕ್ಕೆ ಬಹುಮಟ್ಟಿನ ಕಾರಣವೆಂದು ಹೇಳುವ ವಾಡಿಕೆಯಿದೆ. ಆದರೆ ನಿರ್ವಾಹಕನೇ ಕೊಂದಿದ್ದರೂ ಇದೇ ಸಂಖ್ಯೆ ಬರುತ್ತದೆ. ಒಂದೇ ಸಾಕ್ಷ್ಯವನ್ನು ನಂಬದೆ, ‘ಇನ್‌ಸ್ಪೆಕ್ಟ್’ ತೋರಿಸುವ ಮೆಮೊರಿಯ ದಾಖಲೆಯೊಡನೆ ಹೋಲಿಸಿ ನೋಡುವುದು ಅವಶ್ಯ.

ಕಾರ್ಯಕ್ರಮ ಆರಂಭವೇ ಆಗದಿದ್ದಲ್ಲಿ ಕಾರಣವು ಹೊರಗಿರುತ್ತದೆ: ಬೇಕಾದ ಪೋರ್ಟನ್ನು ಮತ್ತೊಂದು ಸೇವೆ ಹಿಡಿದಿರಬಹುದು, ಜೋಡಿಸಬೇಕಾದ ಕಡತ ಇಲ್ಲದಿರಬಹುದು. ಒಂದು ಬಗೆಯ ಸಂಸ್ಕಾರಕಕ್ಕಾಗಿ ರಚಿಸಿದ ಪ್ರತಿಮೆಯನ್ನು ಇನ್ನೊಂದರ ಮೇಲೆ ನಡೆಸಹೋದರೆ ಕರ್ನೆಲ್ ಅದನ್ನು ಓದಲಾರದೆ ನಿರಾಕರಿಸುತ್ತದೆ.

ಇಲ್ಲಿ ಅತ್ಯಂತ ಹಾನಿಕರವಾದ ಅಭ್ಯಾಸವೆಂದರೆ ಕೆಟ್ಟ ಕಂಟೇನರನ್ನು ಅಳಿಸಿ ಹೊಸದನ್ನು ಹೂಡುವುದು. ಸಾಮಾನ್ಯ ಏರ್ಪಾಡಿನಲ್ಲಿ ಅದರೊಡನೆ ಅದರ ‘ಲಾಗ್ಸ್’ ಕೂಡ ಅಳಿಯುತ್ತವೆ. ಶಾಸನದ ಕಲ್ಲನ್ನು ಓದುವ ಮೊದಲೇ ಕಟ್ಟಡಕ್ಕೆ ಬಳಸಿದವರಿಂದ ನಮ್ಮ ಇತಿಹಾಸಕ್ಕೆ ಒದಗಿದ ನಷ್ಟ ಇಂತಹುದೇ. ಮೊದಲು ಸ್ಥಿತಿ, ಅನಂತರ ಸಂಖ್ಯೆ, ಅನಂತರ ಲಾಗ್ಸ್, ಕಟ್ಟಕಡೆಗೆ ಬದಲಾವಣೆ: ಈ ಕ್ರಮ ತಪ್ಪಿದರೆ ಸೇವೆ ಇಂದು ಮರಳಿ ನಡೆದರೂ, ಕಾರಣ ಅಜ್ಞಾತವಾಗಿಯೇ ಉಳಿದು, ಕಿಟಕಿಯ ಮುಂದೆ ನಿಂತವನು ನಾಳೆ ಮತ್ತೆ ಬರಿಗೈಯಲ್ಲಿ ಮರಳಬೇಕಾಗುತ್ತದೆ.