ಉಪ್ಪು ಹೇಳಿದ ಲೆಕ್ಕ

ಕಾಲೇಜಿನ ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರ ಓದುವ ಮಕ್ಕಳು ಸರಾಸರಿ, ಮಧ್ಯಾಂಕ, ಬಹುಲಕ ಎಂದು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. ಆ ಪಾಠದ ಹಿಂದೆ ಅನ್ನಕ್ಕಾಗಿ ಕಾದು ಕುಳಿತ ಜನರೂ ಇದ್ದಾರೆಂಬುದು ನಮಗೆ ತಿಳಿದದ್ದು ಸಿ.ಆರ್. ರಾವ್ ಅವರ ಪುಸ್ತಕದಿಂದ. 1920ರಲ್ಲಿ ನಮ್ಮ ಹಡಗಲಿಯಲ್ಲಿ ಹುಟ್ಟಿ, ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು, 2023ರಲ್ಲಿ ತೀರಿಕೊಂಡ ರಾವ್ 1989ರ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್' ಪುಸ್ತಕದಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾರೆ.

1947ರಲ್ಲಿ ದೆಹಲಿಯಲ್ಲಿ ಗಲಭೆ ಹೊತ್ತಿಕೊಂಡಾಗ ಮನೆಮಠ ಬಿಟ್ಟ ಮುಸ್ಲಿಮರು ಕೋಟೆ, ಮಕಬರಾಗಳ ಗೋಡೆಯೊಳಗೆ ಸೇರಿಕೊಂಡರು. ಕೆಂಪುಕೋಟೆಯೊಳಗೆ ದೊಡ್ಡ ಗುಂಪು, ಹುಮಾಯೂನನ ಮಕಬರಾದಲ್ಲಿ ಸಣ್ಣ ಗುಂಪು. ಬಾದಶಹರ ಅಂಗಳ ನಿರಾಶ್ರಿತರ ಅಡುಗೆಮನೆಯಾಯಿತು. ಊಟದ ಹೊಣೆ ಸರಕಾರದ್ದು. ಸಾಮಾನು ಒದಗಿಸುವವರು ಗುತ್ತಿಗೆದಾರರು. ಒಳಗೆ ಎಷ್ಟು ಜನರಿದ್ದಾರೆಂದು ಸರಕಾರಕ್ಕೆ ಗೊತ್ತಿಲ್ಲ. ಹಾಗಾಗಿ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು ಎಂದು ಗುತ್ತಿಗೆದಾರ ಬರೆದದ್ದೇ ಲೆಕ್ಕ. ಖರ್ಚು ಮಿತಿಮೀರಿದಾಗ ಸಂಖ್ಯಾಶಾಸ್ತ್ರಜ್ಞರಿಗೆ ಕರೆ ಹೋಯಿತು. ತಲೆ ಎಣಿಸುವ ಯೋಚನೆ ಬಂದದ್ದು ಖಜಾನೆಯ ಚಿಂತೆಯಿಂದ ಎಂಬುದನ್ನು ನಾವು ಮರೆಯಬಾರದು.

ಒಳಗೆ ಹೋಗಿ ಎಣಿಸುವಂತಿರಲಿಲ್ಲ. ಕೈಯಲ್ಲಿದ್ದದ್ದು ಗುತ್ತಿಗೆದಾರರ ಪಟ್ಟಿ ಮಾತ್ರ. ಜೆ.ಎಂ. ಸೇನ್‌ಗುಪ್ತ ಎಂಬ ಸಂಖ್ಯಾಶಾಸ್ತ್ರಜ್ಞರು ಅದರಲ್ಲೇ ದಾರಿ ಕಂಡುಕೊಂಡರು. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಎಷ್ಟು ಅಕ್ಕಿ, ಬೇಳೆ, ಉಪ್ಪು ತಿನ್ನುತ್ತಾನೆಂಬುದು ಹಿಂದಿನ ಸಮೀಕ್ಷೆಗಳಿಂದ ಗೊತ್ತಿತ್ತು. ಉದಾಹರಣೆಗೆ, ತಲೆಗೆ 10 ಗ್ರಾಂ ಉಪ್ಪು ಎಂದುಕೊಳ್ಳೋಣ. 100 ಕಿಲೋ ಉಪ್ಪು ಖರ್ಚಾದರೆ ಉಂಡವರು 10,000 ಜನ. ಅಕ್ಕಿಗೂ ಬೇಳೆಗೂ ಇದೇ ಭಾಗಾಕಾರ. ಪ್ರಾಮಾಣಿಕ ಪಟ್ಟಿಯಾದರೆ ಮೂರು ಉತ್ತರಗಳೂ ಹತ್ತಿರ ಹತ್ತಿರ ಬರಬೇಕು. ಬರಲಿಲ್ಲ. ಅಕ್ಕಿಯ ಪ್ರಕಾರ ಜನ ಎಲ್ಲಕ್ಕಿಂತ ಹೆಚ್ಚು, ಉಪ್ಪಿನ ಪ್ರಕಾರ ಎಲ್ಲಕ್ಕಿಂತ ಕಡಿಮೆ.

ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ ಸರಾಸರಿ ಹಿಡಿಯಬಹುದಿತ್ತಲ್ಲ? ಹೊಸ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ತಪ್ಪುಗಳು ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಇದ್ದರೆ ಸರಾಸರಿಯಲ್ಲಿ ಒಂದನ್ನೊಂದು ಕಳೆಯುತ್ತವೆ. ಎಲ್ಲವೂ ಲಾಭದ ಕಡೆಗೇ ವಾಲಿದ್ದರೆ ಸರಾಸರಿಯೂ ಅತ್ತಲೇ ವಾಲುತ್ತದೆ. ಅಕ್ಕಿ ದುಬಾರಿ, ಹೆಚ್ಚು ಬರೆದರೆ ಕಾಸು. ಅಗ್ಗದ ಉಪ್ಪಿನಲ್ಲಿ ಸುಳ್ಳು ಹೇಳಿ ಸಿಗುವುದೇನು? ಸೇನ್‌ಗುಪ್ತ ಉಪ್ಪಿನ ಮಾತನ್ನೇ ನಂಬಿದರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆನ್ನುತ್ತೇವೆ. ಆ ಗುತ್ತಿಗೆದಾರರು ಎರಡು ಬಗೆದದ್ದು ಅಕ್ಕಿಯಲ್ಲಿ!

ಆದರೂ ಓದುವಾಗ ನಮಗೊಂದು ಅಳುಕು. ಈ ಕಡಿಮೆ ಸಂಖ್ಯೆಯೇ ತಪ್ಪಾಗಿದ್ದರೆ ನಷ್ಟ ಗುತ್ತಿಗೆದಾರನಿಗಲ್ಲ. ಗೋಡೆಯೊಳಗಿನ ಯಾವುದೋ ತಾಯಿಯ ತಟ್ಟೆಗೆ. ಅದನ್ನು ಪರೀಕ್ಷಿಸಲು ಹುಮಾಯೂನನ ಮಕಬರಾ ಒದಗಿತು. ಅಲ್ಲಿದ್ದ ಸಣ್ಣ ಗುಂಪಿನ ಸಂಖ್ಯೆ ಬೇರೆ ದಾರಿಯಿಂದ ಗೊತ್ತಾಗಿತ್ತು. ಉಪ್ಪಿನ ಲೆಕ್ಕ ಅದರ ಹತ್ತಿರಕ್ಕೇ ಬಂದು ನಿಂತಿತು.