ಹಳೆಯ ಜೀಪಿನ ಗೇರ್ ಬಾಕ್ಸ್ ಯಾವುದು, ಆಕ್ಸಲ್ ಅನುಪಾತ ಎಷ್ಟು?

ವಾಹನದ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ಇರುತ್ತದೆ, ಚಾಸಿಸ್ ಸಂಖ್ಯೆ ಇರುತ್ತದೆ. ಗೇರ್ ಬಾಕ್ಸ್‌ಗಾಗಲಿ, ಹಿಂದಿನ ಆಕ್ಸಲ್‌ನ ಅನುಪಾತಕ್ಕಾಗಲಿ ಅಲ್ಲಿ ಸ್ಥಾನವಿಲ್ಲ. ಹಲವು ಒಡೆಯರ ಕೈ ದಾಟಿ ಬಂದ ಹಳೆಯ ವಾಹನದಲ್ಲಿ ಈ ಎರಡು ಭಾಗಗಳು ಎಷ್ಟು ಬಾರಿ ಬದಲಾದವು, ಯಾವುದರ ಜಾಗಕ್ಕೆ ಯಾವುದು ಬಂದಿತು ಎಂಬುದಕ್ಕೆ ದಾಖಲೆ ಸಿಗುವುದು ಈ ಕಾರಣದಿಂದಲೇ ಅಪರೂಪ. ಕೋಲಾರದ ಕೆಎ-07 ಆಗಲಿ, ಕೆಜಿಎಫ್‌ನ ಕೆಎ-08 ಆಗಲಿ, ಫಲಕ ನೋಡಿ ಹೊಟ್ಟೆಯೊಳಗಿನ ಹಲ್ಲು ಹೇಳಲಾಗದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಂತಹ ಕಡೆ ಈ ಪ್ರಶ್ನೆ ಹೆಚ್ಚಾಗಿ ಎದುರಾಗುವುದು ಜೀಪುಗಳಲ್ಲಿ. ಹೊಲ, ತೋಪು, ಮಾರುಕಟ್ಟೆಗಳ ನಡುವೆ ದುಡಿಯುವ ವಾಹನದ ಗೇರ್ ಬಾಕ್ಸ್ ಕೆಟ್ಟರೆ ಮೂಲ ಮಾದರಿಯನ್ನೇ ಹುಡುಕುತ್ತ ಕೂರುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು ದೂರವೇನಲ್ಲ. ಅಲ್ಲಿ ಸಿಕ್ಕಿದ್ದು ಇಲ್ಲಿ ಕೂರುತ್ತದೆ. ವಾಹನ ಓಡುತ್ತದೆ ಕೂಡ. ತೊಂದರೆ ಆರಂಭವಾಗುವುದು ಮುಂದಿನ ಒಡೆಯ ಬೇರಿಂಗ್ ಒಂದನ್ನು ತರಲು ಹೊರಟಾಗ, ಅಥವಾ ಫೋರ್ ವೀಲ್ ಲಿವರ್ ಎಳೆದಾಗ.

ಎರಕದ ಅಕ್ಷರಗಳನ್ನು ಎಷ್ಟು ನಂಬಬೇಕು?

ಹೊರ ಕವಚವನ್ನು ಡೀಸೆಲ್‌ನಿಂದ ತೊಳೆದು, ಬ್ರಷ್ ಹಾಕಿ ತಿಕ್ಕಿದರೆ ಉಬ್ಬು ಅಕ್ಷರಗಳು ಕಾಣುತ್ತವೆ. ಇವು ಎರಕದ ಸಂಖ್ಯೆಗಳು. ಕವಚ ಯಾವ ಕುಲದ್ದು ಎಂಬುದನ್ನಷ್ಟೇ ಇವು ಹೇಳುತ್ತವೆ; ಒಳಗೆ ಜೋಡಿಸಿದ ಗೇರುಗಳ ಹಲ್ಲಿನ ಲೆಕ್ಕವನ್ನಲ್ಲ. ಎರಡನೆಯ ಮಹಾಯುದ್ಧದ ಕಾಲದ (1941–45) ವಿಲ್ಲಿಸ್ ಎಂಬಿ ಜೀಪಿನಲ್ಲಿದ್ದುದು ಟಿ-84 ಎಂಬ ಮೂರು ಗೇರಿನ ಪೆಟ್ಟಿಗೆ. ಯುದ್ಧಾನಂತರದ ನಾಗರಿಕ ಜೀಪು ಸಿಜೆ-2ಎಗೆ ಅದಕ್ಕಿಂತ ಗಟ್ಟಿಮುಟ್ಟಾದ ಟಿ-90 ಬಂದಿತು. ಮಹೀಂದ್ರದ ಹಳೆಯ ಪೆಟ್ರೋಲ್ ಜೀಪುಗಳದ್ದೂ ಇದೇ ವಂಶ. ಟಿ-84ರ ಮೊದಲ ಗೇರಿನ ಅನುಪಾತ 2.66, ಟಿ-90ಯದು 2.798. ಆದರೆ ಟಿ-90ಸಿ ಎಂಬ ಇನ್ನೊಂದು ರೂಪವೂ ಉಂಟು. ಅದರ ಮೊದಲ ಗೇರು 3.339. ಕವಚದ ಮೇಲೆ ಟಿ-90 ಎಂದು ಕಂಡ ಮಾತ್ರಕ್ಕೆ ಗೇರು ತರಲು ಹೊರಟವರ ಹಣ ನಷ್ಟವಾಗುವುದು ಇಲ್ಲಿಯೇ.

ಹೊರಗಿನಿಂದ ನೋಡಬೇಕಾದ ಬೇರೆ ಗುರುತುಗಳೂ ಇವೆ: ಗೇರುಗಳೆಷ್ಟು, ರಿವರ್ಸ್ ಯಾವ ಮೂಲೆಯಲ್ಲಿದೆ, ಲಿವರ್ ಪೆಟ್ಟಿಗೆಯ ನೆತ್ತಿಯಿಂದ ಏಳುತ್ತದೆಯೋ ಪಕ್ಕದಿಂದಲೋ. ಅಂಬಾಸಿಡರ್ ಕಾರಿನಲ್ಲಿ ಇದು ಸುಲಭ. ಮಾರಿಸ್ ಆಕ್ಸ್‌ಫರ್ಡ್ ಮೂಲದ 1489 ಸಿಸಿ ಎಂಜಿನ್ನಿನ ಹಳೆಯ ಕಾರುಗಳಲ್ಲಿ ನಾಲ್ಕು ಗೇರು, ಲಿವರ್ ಸ್ಟೀರಿಂಗ್ ಕಂಬದ ಮೇಲೆ; 1990ರ ದಶಕದಲ್ಲಿ ಬಂದ ಇಸುಜು 1.8 ಲೀಟರ್ ಎಂಜಿನ್ನಿನ ಕಾರುಗಳಲ್ಲಿ ಐದು ಗೇರು, ಲಿವರ್ ನೆಲದ ಮೇಲೆ. 1489 ಎಂಜಿನ್ನಿನ ಕಾರಿನಲ್ಲಿ ನೆಲದ ಮೇಲೆ ಐದು ಗೇರಿನ ಲಿವರ್ ಕಂಡರೆ ಯಾರೋ ಮಧ್ಯೆ ಕೈ ಹಾಕಿದ್ದಾರೆಂದೇ ಅರ್ಥ.

ಸುತ್ತು ಎಣಿಸುವ ವಿಧಾನ

ಖಚಿತ ಉತ್ತರ ಕೊಡುವುದು ಎಣಿಕೆ ಮಾತ್ರ. ಮೊದಲು ಆಕ್ಸಲ್. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಒಂದು ಗಾಲಿಯನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಇರಿಸಬೇಕು. ಬರಿಯ ಜಾಕ್ ನಂಬಿ ಕೆಳಗೆ ಮಲಗಬಾರದು. ನೆಲದ ಮೇಲಿನ ಮೂರೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಏಕೆಂದರೆ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಗಾಲಿಗಳನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಅದನ್ನು ಬಿಡದೆ ಈ ಎಣಿಕೆ ಸಾಧ್ಯವೇ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಟೈರಿನ ಮೇಲೂ ಶಾಫ್ಟಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಒಬ್ಬರು ಗಾಲಿ ತಿರುಗಿಸಿ ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಬೇಕು.

ಒಂದು ಗಾಲಿ ನೆಲದ ಮೇಲೆ ನಿಂತಿರುವಾಗ ಡಿಫರೆನ್ಷಿಯಲ್ ತನ್ನ ಸಹಜ ಕೆಲಸ ಮಾಡುತ್ತದೆ: ಎತ್ತಿದ ಗಾಲಿ ಎರಡು ಸುತ್ತು ಬಂದರೆ ಕ್ರೌನ್ ವೀಲ್ ಬರುವುದು ಒಂದೇ ಸುತ್ತು. ಆದ್ದರಿಂದ ಗಾಲಿಯ ಎರಡು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಬಂದಿತೋ ಅದೇ ಅನುಪಾತ. ಗಾಲಿಯನ್ನು ಒಂದೇ ಸುತ್ತು ತಿರುಗಿಸಿ, 2.7 ಎಂದು ಬರೆದುಕೊಂಡು, ಇಂಥ ಆಕ್ಸಲ್ ಯಾವುದೆಂದು ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಪ್ಪತ್ತು ಸುತ್ತು ತಿರುಗಿಸುವುದು ಲೇಸು. ಶಾಫ್ಟ್ ಐವತ್ತಮೂರು ಮುಕ್ಕಾಲು ಸುತ್ತು ಬಂದರೆ ಅನುಪಾತ 5.375, ಅಂದರೆ ಕ್ರೌನ್ ವೀಲಿಗೆ 43 ಹಲ್ಲು, ಪಿನಿಯನ್‌ಗೆ 8. ಇದು ಸಿಜೆ-2ಎ ವಂಶದ್ದು. ನಲವತ್ತೆಂಟು ಮುಕ್ಕಾಲು ಬಂದರೆ 4.875, ಅಂದರೆ 39 ಮತ್ತು 8. ಯುದ್ಧಕಾಲದ ಎಂಬಿ ಜೀಪಿನ ಆಕ್ಸಲ್ ಇದು. ಉತ್ತರ ಸರಿಯಾದ ಪೂರ್ಣಾಂಕವಾಗಿ ಬಂದರೆ ಮತ್ತೊಮ್ಮೆ ಎಣಿಸುವುದು ಒಳ್ಳೆಯದು. ಅದೇ ಹಲ್ಲುಗಳು ಪ್ರತಿ ಸುತ್ತಿನಲ್ಲೂ ಸಂಧಿಸಿ ಒಂದೆಡೆಯೇ ಸವೆಯದಿರಲೆಂದು ತಯಾರಕರು ಸಾಮಾನ್ಯವಾಗಿ ಒಂದಕ್ಕೊಂದು ಭಾಗವಾಗದ ಸಂಖ್ಯೆಗಳನ್ನೇ ಆರಿಸುತ್ತಾರೆ.

ಜೀಪಿನ ಹಿಂದಿನ ಆಕ್ಸಲ್‌ನ ಮುಚ್ಚಳ ತೆಗೆದರೆ ಹಲ್ಲುಗಳನ್ನು ಕಣ್ಣಾರೆ ಎಣಿಸಬಹುದು. ಹಳೆಯ ಅಂಬಾಸಿಡರ್‌ನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಡಿಫರೆನ್ಷಿಯಲ್ ಹೊರಬರುವುದು ಮುಂದಿನಿಂದ, ಅದೂ ಎರಡೂ ಆಕ್ಸಲ್ ಶಾಫ್ಟುಗಳನ್ನು ಎಳೆದ ಮೇಲೆ. ಸೀಮೆಸುಣ್ಣದ ವಿಧಾನ ಹೆಚ್ಚು ಬೆಲೆ ಬಾಳುವುದು ಆ ಕಾರಿನಲ್ಲಿಯೇ.

ಇನ್ನು ಗೇರ್ ಬಾಕ್ಸ್. ಇಗ್ನಿಷನ್ ಮುಚ್ಚಿ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಹಿಂದಿನ ಎರಡೂ ಗಾಲಿಗಳನ್ನು ಎತ್ತಿ ಸ್ಟ್ಯಾಂಡ್ ಮೇಲಿರಿಸಿ, ಮೊದಲ ಗೇರಿಗೆ ಹಾಕಿ ಸ್ಟಾರ್ಟಿಂಗ್ ಹ್ಯಾಂಡಲ್‌ನಿಂದ ಎಂಜಿನ್ ತಿರುಗಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಹತ್ತು ಸುತ್ತು ಮುಗಿಸುವಷ್ಟರಲ್ಲಿ ಹ್ಯಾಂಡಲ್ ಇಪ್ಪತ್ತಾರೂವರೆ ಸುತ್ತಿದರೆ ಟಿ-84, ಇಪ್ಪತ್ತೆಂಟಾದರೆ ಟಿ-90, ಮೂವತ್ತಮೂರು ದಾಟಿದರೆ ಟಿ-90ಸಿ. ಒಂದೇ ಸುತ್ತಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ ಹೈ ರೇಂಜಿನಲ್ಲಿರಬೇಕು, ಮುಂದಿನ ಗಾಲಿಗಳ ಸಂಪರ್ಕ ತಪ್ಪಿರಬೇಕು. ಅನಂತರ ಲೋ ರೇಂಜಿನಲ್ಲಿ ಮತ್ತೊಮ್ಮೆ ಎಣಿಸಿದರೆ ಟ್ರಾನ್ಸ್‌ಫರ್ ಕೇಸಿನ ಜಾತಿಯೂ ತಿಳಿಯುತ್ತದೆ: ಎಂಬಿ ಜೀಪಿನದು 1.97, ನಂತರದ ನಾಗರಿಕ ಜೀಪುಗಳದು 2.43 ಅಥವಾ 2.46.

ರಸ್ತೆಯಲ್ಲಿ ತಾಳೆ ನೋಡುವುದು

ಟಾಪ್ ಗೇರು ನೇರ ಸಂಪರ್ಕದ್ದಾದರೆ (ಟಿ-90 ಮತ್ತು ಹಳೆಯ ಅಂಬಾಸಿಡರ್‌ಗಳಲ್ಲಿ ಹಾಗೆಯೇ) ಎಂಜಿನ್ ವೇಗ ಮತ್ತು ಗಾಲಿಯ ವೇಗಗಳ ನಡುವೆ ಉಳಿಯುವುದು ಆಕ್ಸಲ್ ಅನುಪಾತ ಒಂದೇ. ಟೈರು ನೆಲದ ಮೇಲೆ ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 2000 ಸುತ್ತಿನಲ್ಲಿ 5.375ರ ಜೀಪು ಗಂಟೆಗೆ ಸುಮಾರು 49 ಕಿ.ಮೀ. ಓಡುತ್ತದೆ, 4.875ರದು 54. ಕೈಗಡಿಯಾರ ಹಿಡಿದು ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ಕಾಲ ನೋಡಿದರೆ ಮೊದಲನೆಯದಕ್ಕೆ 73 ಸೆಕೆಂಡು, ಎರಡನೆಯದಕ್ಕೆ 66. ಇದಕ್ಕೆ ಹೆದ್ದಾರಿ ಬೇಡ. ವಾಹನ ಸಂಚಾರ ವಿರಳವಾದ ಒಳರಸ್ತೆಯೇ ವಾಸಿ. ಮೊಬೈಲಿನ ಜಿಪಿಎಸ್ ಇದ್ದರೆ ಕಲ್ಲು ಎಣಿಸುವ ಕೆಲಸವೂ ತಪ್ಪುತ್ತದೆ. ಡ್ಯಾಷ್‌ಬೋರ್ಡಿನ ಸ್ಪೀಡೋಮೀಟರನ್ನು ಮಾತ್ರ ನಂಬಬಾರದು. ಅದನ್ನು ತಿರುಗಿಸುವ ಪುಟ್ಟ ಗೇರು ಮೂಲ ಆಕ್ಸಲ್‌ಗೆ ಹೊಂದಿಸಿದ್ದು. ಆಕ್ಸಲ್ ಬದಲಾದರೆ ಅದು ಸುಳ್ಳು ಹೇಳುತ್ತದೆ.

ಹತ್ತರಲ್ಲಿ ಒಂದು ಪಾಲಿನ ಈ ವ್ಯತ್ಯಾಸ ಸಣ್ಣದೆನಿಸಬಹುದು. ಮುಳಬಾಗಿಲಿನಿಂದ ನಂಗಲಿ ದಾಟಿ, ಪಲಮನೇರಿನಾಚೆ ಮೊಗಿಲಿ ಘಟ್ಟ ಇಳಿಯುವ ತುಂಬಿದ ವಾಹನಕ್ಕೆ ಎಂಜಿನ್ ಕೊಡುವ ತಡೆಯೂ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಅದಕ್ಕಿಂತ ಗಂಭೀರವಾದುದು, ಮುಂದಿನ ಆಕ್ಸಲ್ 5.375, ಹಿಂದಿನದು 4.875 ಇರುವ ಜೀಪು. ಟೂ ವೀಲ್‌ನಲ್ಲಿ ಓಡಿಸುವಷ್ಟು ದಿನ ಇದು ಗೊತ್ತೇ ಆಗುವುದಿಲ್ಲ. ಫೋರ್ ವೀಲ್ ಹಾಕಿದೊಡನೆ ಪ್ರತಿ ನೂರು ಮೀಟರಿಗೆ ಮುಂದಿನ ಮತ್ತು ಹಿಂದಿನ ಗಾಲಿಗಳ ಲೆಕ್ಕದಲ್ಲಿ ಸುಮಾರು ಹತ್ತು ಮೀಟರ್ ಅಂತರ ಬೀಳುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಆ ಒತ್ತಡ ಕಳೆಯುತ್ತದೆ. ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ: ಲಿವರ್ ಬಿಗಿದು ಬಿಡಿಸಲು ಬಾರದಂತಾಗುತ್ತದೆ, ಜಾಯಿಂಟ್ ಮುರಿಯುತ್ತದೆ, ಇಲ್ಲವೇ ಟ್ರಾನ್ಸ್‌ಫರ್ ಕೇಸಿನ ಹಲ್ಲು ಉದುರುತ್ತದೆ. ಆದ್ದರಿಂದ ಕೊಳ್ಳುವ ಮುನ್ನವೇ ಎರಡೂ ಆಕ್ಸಲ್‌ಗಳ ಸುತ್ತು ಎಣಿಸಬೇಕು. ಮುಂದಿನ ಗಾಲಿಗಳಿಗೆ ಲಾಕಿಂಗ್ ಹಬ್ ಹಾಕಿದ್ದರೆ ಎಣಿಸುವ ಮೊದಲು ಅವನ್ನು ಲಾಕ್ ಮಾಡಿರಬೇಕು.

ಐವತ್ತು ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮ, ವಾಹನ ಮೂಲ ಸ್ವರೂಪದಲ್ಲಿರಬೇಕು ಎನ್ನುತ್ತದೆ. ಅದಕ್ಕೆ ಅರ್ಜಿ ಹಾಕುವ ಉದ್ದೇಶವಿರುವವರು ಎಣಿಕೆಯ ಫಲಿತಾಂಶವನ್ನೂ ಎರಕದ ಸಂಖ್ಯೆಗಳ ಛಾಯಾಚಿತ್ರಗಳನ್ನೂ ಕಡತದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಬಿಡಿಭಾಗ ತರಲು ಹೋಗುವವರು ವಾಹನದ ಹೆಸರಿಗಿಂತ ಹಲ್ಲಿನ ಸಂಖ್ಯೆಯನ್ನೇ ಬರೆದುಕೊಂಡು ಹೋಗಬೇಕು. ಕ್ರೌನ್ ವೀಲ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಬರೆದಿರುತ್ತಾರೆ. ಗುಜರಿಯಲ್ಲಿ ಕೊಳ್ಳುವಾಗ ಆ ಸಂಖ್ಯೆಗಳು ತಾಳೆಯಾಗದಿದ್ದರೆ, ಹಲ್ಲಿನ ಲೆಕ್ಕ ಸರಿಯಿದ್ದರೂ ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ಹಾಕಿದರೆ ನೂರು ಕಿಲೋಮೀಟರಿನೊಳಗೆ ಆಕ್ಸಲ್ ಊಳಿಡಲಾರಂಭಿಸಿದರೂ ಅಚ್ಚರಿಯಿಲ್ಲ.