ಬೇರೊಬ್ಬರ ಅಳತೆಯ ಪೆಟ್ಟಿಗೆ

ನಮ್ಮ ಪಡಸಾಲೆಯ ಕಿಟಕಿಯ ಕೆಳಗಿರುವ ಪೆಟ್ಟಿಗೆಯನ್ನು ನೋಡಿದವರು ಹೊಲಿಗೆ ಮಷೀನು ಎಂದೇ ತಿಳಿಯುತ್ತಾರೆ. ಅವರ ತಪ್ಪಲ್ಲ. ಕೆಳಗೆ ಕಾಲಿನಿಂದ ತುಳಿಯುವ ಎರಡು ಹಲಗೆ, ಮೇಲೆ ಮರದ ಮುಚ್ಚಳ, ಅದರ ಮೇಲೆ ನಾನೇ ಹಾಕಿದ ಕಸೂತಿ ಬಟ್ಟೆ. ಬಟ್ಟೆ ಸರಿಸಿ ಮುಚ್ಚಳ ಎತ್ತಿದರೆ ಮಾತ್ರ ಕರಿ ಬಿಳಿ ಪಟ್ಟಿಗಳು ಕಾಣುತ್ತವೆ. ಅದು ನಾಟಕ ಕಂಪನಿಯ ಕಾಲುಪೆಟ್ಟಿಗೆ. ಲೆಗ್ ಹಾರ್ಮೋನಿಯಂ ಅನ್ನುತ್ತಾರಲ್ಲ, ಅದೇ.

1996ರಲ್ಲಿ ಅದನ್ನು ರಾಣೇಬೆನ್ನೂರಿನಿಂದ ತಂದೆ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು ಮರುವರ್ಷ. ಪೇಟಿ ಮಾಸ್ತರರೊಬ್ಬರು ತೀರಿಹೋಗಿ ಬಹಳ ದಿನವಾಗಿತ್ತು. ಕಂಪನಿಗಳ ಮುಂದೆ ಕ್ಯಾಸಿಯೋ ಬಂದು ಕೂತಿದ್ದರಿಂದ ಕಾಲುಪೆಟ್ಟಿಗೆ ಕೇಳುವವರಿರಲಿಲ್ಲ. ಸೊಸೆ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಳು. ಎರಡು ಸಾವಿರ ಹೇಳಿ ಸಾವಿರದ ನಾನೂರಕ್ಕೆ ಬಂದಳು. "ಒಯ್ಯಿರಿ ಅಕ್ಕಾರ, ನಮಗೂ ಜಾಗಾ ಆಗ್ತದ. ನಮ್ಮ ಮಾವನವರೂ ಇದನ್ನ ಮುರಿದ ಕಂಪನಿಯವರ ಕಡಿಂದ ತೊಗೊಂಡಿದ್ರಂತ" ಅಂದಳು. ಅಂದರೆ ನನ್ನದು ಮೂರನೆಯ ಕೈ, ಕಡಿಮೆಯೆಂದರೆ.

ಟೆಂಪೋದಲ್ಲಿ ಹೇರಿಕೊಂಡು ಬರುವಾಗ ಬ್ಯಾಡಗಿಯ ಹತ್ತಿರ ಮೆಣಸಿನಕಾಯಿ ಘಾಟಿಗೆ ಸೀನು ಬಂತು. ಬ್ಯಾಡಗಿ ನನ್ನ ಅವ್ವನ ತವರು. ಅಜ್ಜನದು ಮೆಣಸಿನಕಾಯಿ ದಲ್ಲಾಳಿ ಅಂಗಡಿ. ಸುಗ್ಗಿಯ ದುಡ್ಡು ಊರಲ್ಲಿ ಓಡಾಡುವಾಗ ಕಂಪನಿಯವರೂ ಬಂದು ಟೆಂಟು ಹೂಡುತ್ತಿದ್ದರಂತೆ. ಅವ್ವನಿಗೆ ಆಗ ಹದಿನಾಲ್ಕು. ನಾಟಕಕ್ಕೆ ಹೋಗುವಂತಿಲ್ಲ, ಆದರೆ ಅಟ್ಟದ ಮೇಲೆ ಮಲಗಿದರೆ ಹಾಡು ಕಿವಿಗೆ ಬೀಳುವುದನ್ನು ತಡೆಯುವವರು ಯಾರು? ಹದಿನೈದು ದಿನಕ್ಕೆ ಎಲ್ಲಾ ಹಾಡು ಬಾಯಿಗೆ ಬಂದವು. ಒಂದು ಪೇಟಿ ಕೊಡಿಸು ಅಂತ ಕೇಳಿದಾಗ ಅಜ್ಜ ಹೊಡೆಯಲಿಲ್ಲ, ಬೈಯಲಿಲ್ಲ. "ಕಂಪನಿ ಸೇರಾಕಿ ಏನು?" ಅಂತ ಒಂದೇ ಮಾತು ಕೇಳಿದನಂತೆ. ಮುಂದಿನ ವರ್ಷ ಲಗ್ನವಾಯಿತು. ಆಯೇರಿಯಲ್ಲಿ ಹೊಲಿಗೆ ಮಷೀನು ಬಂತು.

ಅಜ್ಜ ಹೆದರಿದ ಈ ಪೆಟ್ಟಿಗೆ ನಮ್ಮ ದೇಶದ್ದೇ ಅಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ ಎಂಬಾತ 1840ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಮಿಶನರಿಗಳು, ಸಾಹೇಬರು ಹಡಗಿನಲ್ಲಿ ತಂದರು. ಕುರ್ಚಿಯ ಮೇಲೆ ಕೂತು ತುಳಿಯುವ ಆ ಯಂತ್ರ ಚಾಪೆಯ ಮೇಲೆ ಕೂಡುವ ನಮ್ಮವರಿಗೆ ಒಗ್ಗಲಿಲ್ಲ. ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಕೈಯಿಂದ ತಿದಿಯೊತ್ತುವ ಪೇಟಿ ಮಾಡಿದ ಮೇಲೆ ಅದು ಮನೆ, ಮಠ, ಭಜನೆಗಳಿಗೆ ಹೊಕ್ಕಿತು. ಕಾಲುಪೆಟ್ಟಿಗೆ ಮಾತ್ರ ರಂಗದ ಮುಂದೆಯೇ ಉಳಿಯಿತು. ಕಾಲು ಗಾಳಿ ಹಾಕುತ್ತಿದ್ದರೆ ಎರಡೂ ಕೈ ಬಿಡುವು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರೆಗೆ ಮುಟ್ಟುವ ದನಿಯೂ ಬೇಕು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ಸಂಗೀತ ನಾಟಕ ಕಟ್ಟಿದರೆ, ನಮ್ಮ ಹಿರೇಕೆರೂರ ತಾಲ್ಲೂಕಿನ ಸಾತೇನಹಳ್ಳಿಯ ಶಾಂತಕವಿಗಳು ಕನ್ನಡ ನಾಟಕಕ್ಕಾಗಿ ಗದುಗಿನಲ್ಲಿ ಮಂಡಳಿ ಕಟ್ಟಿದರು. ಆಮೇಲೆ ಬಂದ ಕಂಪನಿಗಳಿಗಂತೂ ಲೆಕ್ಕವಿಲ್ಲ. ಪಾತ್ರ ಇಲ್ಲದೆ ನಾಟಕ ನಡೆದೀತು, ಪೇಟಿ ಮಾಸ್ತರ ಇಲ್ಲದೆ ನಡೆಯದು ಅನ್ನುವಂತಾಯಿತು.

ಹೀಗೆ ಕಂಪನಿಯವರದೆಂದು ಮನೆಗೆ ಸಲ್ಲದ ಪೇಟಿ, ರೇಡಿಯೋಕ್ಕೂ ಸಲ್ಲಲಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. 1950ರಲ್ಲಿ ಶುರುವಾದ ಧಾರವಾಡ ನಿಲಯದ ಹಾಡುಗಳನ್ನು ಅವ್ವ ಮಷೀನು ತುಳಿಯುತ್ತ ಕೇಳುತ್ತಿದ್ದಳು. ಅದರಲ್ಲಿ ಎಲ್ಲವೂ ಇದ್ದು ಪೇಟಿ ಮಾತ್ರ ಇರುತ್ತಿರಲಿಲ್ಲ. ಅದಕ್ಕೆ ಮೀಂಡ್ ಬರುವುದಿಲ್ಲ, ಅದರ ಸ್ವರಗಳು ನಮ್ಮ ಶ್ರುತಿಗೆ ಕೂಡುವುದಿಲ್ಲ ಎಂಬುದು ಆಕ್ಷೇಪಣೆ. ಮೊದಲನೆಯದು ನಿಜ. ಎರಡನೆಯದರ ಬಗ್ಗೆ ನನ್ನ ಪೆಟ್ಟಿಗೆ ಬೇರೆ ಮಾತು ಹೇಳಿತು.

ತಂದ ವಾರದಲ್ಲೇ ರಿಪೇರಿಯವರೊಬ್ಬರನ್ನು ಕರೆಸಿದೆ. ಊರು, ಹೆಸರು ಬೇಡ. ಪಟ್ಟಿ ಒತ್ತಿ ನೋಡಿ, "ಬಿಳಿ ಒಂದು ಇಳದದ, ಬಿಳಿ ನಾಲ್ಕೂ ಇಳದದ. ಎಲ್ಲಾ ಸ್ಥಾಯಿಯೊಳಗೂ ಹಂಗ. ಪೂರಾ ಕೆಟ್ಟದ" ಅಂದರು. ಹಿತ್ತಾಳೆಯ ನಾಲಿಗೆಯ ತುದಿ ತಿಕ್ಕಿದರೆ ಸ್ವರ ಏರುತ್ತದೆ, ಬುಡ ತಿಕ್ಕಿದರೆ ಇಳಿಯುತ್ತದೆ. ಅವರು ಮೇಲಿನ ಬಿಳಿ ಒಂದರ ತುದಿ ತಿಕ್ಕಿ ಏರಿಸಿದರು. ಅಷ್ಟರಲ್ಲಿ ನನ್ನ ಮಗಳಿಗೆ ಸಂಗೀತ ಹೇಳಿಕೊಡುವ ಗುರುಗಳು ಬಂದರು. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣಿಲ್ಲದವರು. ಹಾನಗಲ್ಲ ತಾಲ್ಲೂಕಿನಲ್ಲೇ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಥ ಎಷ್ಟು ಮಕ್ಕಳಿಗೆ ಬದುಕು ಕೊಟ್ಟರೆಂಬುದು ನಿಮಗೆ ಗೊತ್ತೇ ಇದೆ. ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದವರು ಅವರು. ನಮ್ಮಜ್ಜನಿಗೆ ಯಾರಾದರೂ ಇದನ್ನು ಹೇಳಬೇಕಿತ್ತು.

ಗುರುಗಳು ಒಂದೊಂದೇ ಪಟ್ಟಿಯನ್ನು ಷಡ್ಜ ಮಾಡಿಕೊಂಡು ಸಾ-ಗ-ಪ ನುಡಿಸುತ್ತ ಬಂದರು. ಕರಿ ನಾಲ್ಕಕ್ಕೆ ಬಂದಾಗ ಕೈ ನಿಂತಿತು. ಮತ್ತೆ ನುಡಿಸಿದರು. ನನಗೇ ಗೊತ್ತಾಯಿತು, ಅಲ್ಲಿ ಸ್ವರಗಳು ಅಲುಗದೆ ಒಂದರೊಳಗೊಂದು ಕೂತವು.

"ಇದು ಕೆಟ್ಟಿಲ್ಲ ತಂಗೀ. ಅಳತೀ ಕೊಟ್ಟು ಮಾಡಿಸಿದ್ದು."

ಸಾಮಾನ್ಯ ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಯಾವ ಪಟ್ಟಿಯಿಂದಾದರೂ ಹಾಡಬಹುದು, ಆದರೆ ಎಲ್ಲೆಡೆಯೂ ಸ್ವಲ್ಪ ಸ್ವಲ್ಪ ತಪ್ಪು. ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಶುದ್ಧ ಗಂಧಾರ ಸುಮಾರು 14 ಪಾಲು ಮೇಲಿರುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಅದು ಚುಚ್ಚುತ್ತದೆ. ಕೆಲವರು ಹಾಡುವವರ ಷಡ್ಜ ಒಂದನ್ನೇ ಹಿಡಿದು ಗಂಧಾರ, ಧೈವತಗಳನ್ನು ಇಳಿಸಿ ಕೂಡಿಸುತ್ತಿದ್ದರು. ಕರಿ ನಾಲ್ಕಕ್ಕೆ ಬಿಳಿ ಒಂದು ಗಂಧಾರ, ಬಿಳಿ ನಾಲ್ಕು ಧೈವತ. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ. ಅವರಿಗೆ ಕೂತಷ್ಟು ಇನ್ನೊಬ್ಬರಿಗೆ ಕೂಡುವುದಿಲ್ಲ.

"ಯಾರ ಅಳತಿ ಗುರುಗಳೇ?"

"ಹೆಣ್ಣುಮಗಳದು. ಇಲ್ಲಾ ಹೆಣ್ಣುಪಾರ್ಟಿನ ಗಂಡಸರದು. ಮ್ಯಾಲಿನ ಗಂಧಾರ ಮಾತ್ರ ಈಗ ಹೋತು. ಬುಡಕ್ಕ ತಿಕ್ಕಿ ಇಳಸಬಹುದು, ನಾಲಿಗಿ ತೆಳ್ಳಗಾಗಿ ಮುರೀತದ. ಇರಲಿ ಬಿಡು."

ಮಗಳಿಗೆ ಶಾಲೆಯ ಸ್ಪರ್ಧೆಗೆ ಎಲ್ಲಾ ಪಟ್ಟಿಯಿಂದ ನುಡಿಸಲು ಬರಬೇಕಿತ್ತು. ಪೂರಾ ತಿದ್ದಿಸಿಬಿಡೋಣ ಎಂದು ಮನೆಯವರು ಅಂದರು, ತಪ್ಪೂ ಅಲ್ಲ. ನಾನು ಒಪ್ಪಲಿಲ್ಲ. ಅವಳಿಗೆ ಬೇರೆ ಕೈಪೇಟಿ ಬಂತು, ಹೊಸದು.

ಆ ಬೇಸಿಗೆಯಲ್ಲಿ ಅವ್ವ ಬಂದಿದ್ದಳು, ಅರವತ್ತು ದಾಟಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಹೊರಗೆ ಹೋದಾಗ ಅದರ ಮುಂದೆ ಕೂತಳು. ಕಾಲಿಗೆ ಯಾರೂ ಕಲಿಸಬೇಕಾಗಲಿಲ್ಲ. ಮಷೀನು ತುಳಿದ ಕಾಲು. ಗುರುಗಳು ತೋರಿಸಿದ್ದ ಕರಿ ನಾಲ್ಕನ್ನು ನಾನು ತೋರಿಸಿದೆ. ಒಂದೇ ಬೆರಳಿನಿಂದ ಹುಡುಕುತ್ತ ಅಟ್ಟದ ಮೇಲೆ ಕೇಳಿದ್ದ ಹಾಡೊಂದನ್ನು ಹಿಡಿದಳು. ಮೆಲ್ಲಗೆ ದನಿಯೂ ಸೇರಿತು. ಮೇಲಿನ ಗಂಧಾರಕ್ಕೆ ಹೋದಾಗ ದನಿ ಒಡೆಯಿತು. ಬೆರಳು ಮಾತ್ರ ಅಲ್ಲೇ ಇಟ್ಟು ಮತ್ತೆ ಮತ್ತೆ ಒತ್ತಿದಳು.

"ನನ್ನ ದನಿ ಹೋತು, ಖರೆ. ಆದ್ರ ಇದೂ ಇಲ್ಲಿ ತಪ್ಪತದ ನೋಡು. ಕೆಳಗ ಛಲೋ ಅದ, ಇಲ್ಲಿ ಏರೇದ."

ರಿಪೇರಿಯ ಸಂಗತಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಸುಮ್ಮನೆ ನಿಂತೆ. ಅವಳು ಥಟ್ಟನೆ ಬಾಗಿಲ ಕಡೆ ನೋಡಿ, "ಬಾಗಲಾ ಹಾಕಿಯಿಲ್ಲೋ?" ಅಂದಳು.

ಹಾಕಿರಲಿಲ್ಲ. ಹಾಕೇನಿ, ಹಾಡು ಅಂದೆ.